ಯುರೇಕಾದಲ್ಲಿ ನಮ್ಮವರಿದ್ದರು

ನನ್ನ ಅತ್ತೆ ಹುಟ್ಟಿ ಬೆಳೆದದ್ದು ಬ್ಯಾಲರಾಟ್‌ನಲ್ಲಿ. ಮೆಲ್ಬರ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಎಂಬತ್ತು ದಾಟಿದ ಅವರ ಬಾಯಲ್ಲಿ ಒಂದು ಮಾತು ನಮ್ಮ ಕಡೆಯ ಹಿರಿಯರು ಗೋತ್ರ ಹೇಳಿಕೊಳ್ಳುವಂತೆ ಬರುತ್ತದೆ: "ನಮ್ಮ ಮುತ್ತಜ್ಜ ಯುರೇಕಾದಲ್ಲಿದ್ದ." ಮದುವೆಯಾಗಿ ನಾನು ಆ ಮನೆಗೆ ಹೋದ ಮೊದಲ ವಾರವೇ ಈ ಮಾತು ಕೇಳಿದ್ದೆ. ಐರ್ಲೆಂಡಿನ ಕ್ಲೇರ್ ಪ್ರಾಂತ್ಯದಿಂದ ಬಂದವನು, ಚಿನ್ನ ಅಗೆಯಲು ಬಂದು ಬಂದೂಕು ಹಿಡಿದವನು, ಸಿಪಾಯಿಗಳು ನುಗ್ಗಿದಾಗ ಮರದ ಹಲಗೆಗಳ ರಾಶಿಯ ಕೆಳಗೆ ಅಡಗಿ ಬದುಕಿಕೊಂಡವನು.

ಯುರೇಕಾ ಎಂದರೆ ಆಸ್ಟ್ರೇಲಿಯಾದವರಿಗೆ ಏನೆಂದು ನಮ್ಮವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1854ರ ಡಿಸೆಂಬರ್ 3, ಭಾನುವಾರ, ಇನ್ನೂ ಬೆಳಕು ಹರಿಯುವ ಮೊದಲು, ಬ್ಯಾಲರಾಟ್‌ನ ಯುರೇಕಾ ಎಂಬ ಚಿನ್ನದ ನೆಲದಲ್ಲಿ, ಸರ್ಕಾರದ ಪರವಾನಗಿ ಹಣದ ವಿರುದ್ಧ ಎದ್ದ ಗಣಿಗಾರರು ಮರದ ಹಲಗೆ, ಗಾಡಿಗಳನ್ನು ಒಟ್ಟಿ ಕಟ್ಟಿಕೊಂಡಿದ್ದ ಒಡ್ಡಿನ ಮೇಲೆ 276 ಸಿಪಾಯಿಗಳು ಮತ್ತು ಪೊಲೀಸರು ಎರಗಿದರು. ಒಳಗೆ ಆ ಹೊತ್ತಿಗೆ ಉಳಿದಿದ್ದವರು ನೂರೈವತ್ತರ ಆಸುಪಾಸು. ಶನಿವಾರ ರಾತ್ರಿ ಬಹಳ ಜನ ಮನೆಗೆ ಹೋಗಿದ್ದರು. ಕಾಳಗ ಅರ್ಧ ಗಂಟೆಯೂ ನಡೆಯಲಿಲ್ಲ. ಗಣಿಗಾರರ ಕಡೆ ಕನಿಷ್ಠ ಇಪ್ಪತ್ತೆರಡು ಜನ ಸತ್ತರು, ಸಿಪಾಯಿಗಳಲ್ಲಿ ಐವರು. ಸತ್ತ ಗಣಿಗಾರರಲ್ಲಿ ಐರಿಷರೇ ಹೆಚ್ಚು. ಅವರ ನಾಯಕ ಪೀಟರ್ ಲೇಲರ್ ಕೂಡ ಐರಿಷನೇ. ಎಡತೋಳಿಗೆ ಗುಂಡು ತಗುಲಿ, ಆ ತೋಳನ್ನು ಆಮೇಲೆ ಕತ್ತರಿಸಬೇಕಾಯಿತು.

ಎರಡು ವರ್ಷದ ಹಿಂದೆ ಅತ್ತೆ ಒಂದು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗಿತ್ತರು. ಒಳಗೆ ಹಳೆಯ ಫೋಟೋಗಳು, ಒಂದು ಜಪಸರ, ಪತ್ರಿಕೆಯ ತುಣುಕುಗಳು. "ನಾನು ಇರುವಾಗಲೇ ಅವನ ಕಥೆಯನ್ನು ಬರೆದುಕೊಡು. ನೀನು ಚಿನ್ನದ ಗಣಿಯ ಊರಿನವಳು, ನಿನಗೆ ಅರ್ಥವಾಗುತ್ತದೆ" ಎಂದರು. ಹೌದು, ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ನೆಲದ ಕೆಳಗೆ ದುಡಿದವರು. ಸಯನೈಡ್ ದಿಬ್ಬಗಳ ಬಿಳಿ ಧೂಳು ಒಗೆದ ಬಟ್ಟೆಯ ಮೇಲೆ ಕೂರುತ್ತಿದ್ದದ್ದು ನನಗೆ ನೆನಪಿದೆ. ಅತ್ತೆಯ ಮಾತನ್ನು ತೆಗೆದುಹಾಕುವುದು ನನ್ನಿಂದ ಆಗಲಿಲ್ಲ.

ಮುತ್ತಜ್ಜನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರ ಇಷ್ಟ ಅದು. ಆದರೆ ಆ ಹೆಸರು ಕ್ಲೇರ್‌ನಲ್ಲಿ ನಮ್ಮ ಕಡೆಯ ವೆಂಕಟೇಶಪ್ಪನಷ್ಟು ಸಾಮಾನ್ಯ ಎಂದಷ್ಟೇ ಹೇಳಬಲ್ಲೆ. ಹಡಗಿನ ಪಟ್ಟಿ, ಆಸ್ಪತ್ರೆಯ ದಾಖಲೆ, ನ್ಯಾಯಾಲಯದ ಕಡತ, ಎಲ್ಲಿ ಹುಡುಕಿದರೂ ಅದೇ ಹೆಸರಿನ ಹತ್ತಾರು ಜನ ಎದ್ದು ನಿಲ್ಲುತ್ತಾರೆ. ಒಬ್ಬ ಕುದುರೆ ಕದ್ದು ಜೈಲಿಗೆ ಹೋದವನು, ಒಬ್ಬ ಹೋಟೆಲಿಟ್ಟವನು, ಒಬ್ಬ ಬೆಂಡಿಗೋದಲ್ಲಿ ಬಾವಿಗೆ ಬಿದ್ದವನು. ಮೊದಲ ಮೂರು ತಿಂಗಳು ನಾನು ಬೇರೆ ಯಾರದೋ ಬದುಕನ್ನು ಪ್ರೀತಿಯಿಂದ ಜೋಡಿಸುತ್ತಿದ್ದೆ ಎಂದು ತಿಳಿದ ದಿನ ತುಂಬಾ ಸಂಕಟವಾಯಿತು. ಆಗ ಗ್ರಂಥಾಲಯದಲ್ಲಿ ಒಬ್ಬ ಹಿರಿಯ ಮಹಿಳೆ ಹೇಳಿಕೊಟ್ಟ ಸೂತ್ರ: ಹುಟ್ಟಿನಿಂದ ಶುರುಮಾಡಬೇಡ, ಸಾವಿನಿಂದ ಶುರುಮಾಡು.

ಬ್ಯಾಲರಾಟ್ ಇರುವ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1853ರ ಜುಲೈನಲ್ಲಿ. ಅಲ್ಲಿಯ ಮರಣ ಪ್ರಮಾಣಪತ್ರದಷ್ಟು ಮಾತಾಡುವ ಕಾಗದವನ್ನು ನಾನು ಎಲ್ಲಿಯೂ ಕಂಡಿಲ್ಲ. ಸತ್ತವನ ತಂದೆ ತಾಯಿಯ ಹೆಸರು, ತಂದೆಯ ಕಸುಬು, ಎಲ್ಲಿ ಹುಟ್ಟಿದ, ಯಾರನ್ನು ಯಾವ ವಯಸ್ಸಿನಲ್ಲಿ ಮದುವೆಯಾದ, ಮಕ್ಕಳು ಹುಟ್ಟಿದ ಕ್ರಮದಲ್ಲಿ, ಅವರ ವಯಸ್ಸು, ಸತ್ತ ಮಕ್ಕಳಿದ್ದರೆ ಅವರೂ. ಕೊನೆಗೆ ಒಂದು ಕಲಂ: ಈ ವಸಾಹತಿನಲ್ಲಿ ಎಷ್ಟು ವರ್ಷ ಇದ್ದ.

ಮುತ್ತಜ್ಜ ಸತ್ತದ್ದು 1889ರಲ್ಲಿ, ಬ್ಯಾಲರಾಟ್‌ನಲ್ಲಿ, ಐವತ್ತೊಂಬತ್ತನೆಯ ವಯಸ್ಸಿಗೆ. ಕಾರಣ: ಕ್ಷಯ. ಗಣಿಯ ಕಲ್ಲಿನ ಧೂಳು ತುಂಬಿದ ಶ್ವಾಸಕೋಶವನ್ನು ಆ ಕಾಲದ ವೈದ್ಯರು ಅದೇ ಹೆಸರಿನಿಂದ ಕರೆದದ್ದು ಬಹಳ. ಮಕ್ಕಳ ಪಟ್ಟಿಯಲ್ಲಿ ಅತ್ತೆಯ ಅಜ್ಜಿಯ ಹೆಸರಿತ್ತು, ವಯಸ್ಸು 21. ಹೆಂಡತಿಯ ಹೆಸರು ಹೊಂದುತ್ತಿತ್ತು. ಇವನೇ ನಮ್ಮವನು. ಆಮೇಲೆ ಕೊನೆಯ ಕಲಂ ಓದಿದೆ. ವಿಕ್ಟೋರಿಯಾದಲ್ಲಿ: 34 ವರ್ಷ.

1889ರಲ್ಲಿ 34 ಕಳೆದರೆ 1855.

ಗುಮಾಸ್ತ ತಪ್ಪು ಬರೆದಿರಬಹುದು, ಮಾಹಿತಿ ಕೊಟ್ಟ ಮಗನಿಗೆ ಸರಿಯಾಗಿ ಗೊತ್ತಿಲ್ಲದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ವಿಕ್ಟೋರಿಯಾದ ಸಾರ್ವಜನಿಕ ದಾಖಲೆ ಕಚೇರಿಯಲ್ಲಿ, ತಮ್ಮ ದುಡ್ಡಿನಲ್ಲಿ ಬಂದವರ ಹಡಗಿನ ಪಟ್ಟಿಗಳು 1852ರಿಂದ ಇವೆ. ಅವನ ಹೆಸರು, ಪಕ್ಕದಲ್ಲೇ ತಂಗಿಯ ಹೆಸರು, ಇಬ್ಬರ ವಯಸ್ಸೂ ಹೊಂದಿದ ಸಾಲು ಸಿಕ್ಕಿತು. ಲಿವರ್‌ಪೂಲ್‌ನಿಂದ ಹೊರಟ ಹಡಗು ಮೆಲ್ಬರ್ನ್ ಮುಟ್ಟಿದ್ದು 1855ರ ಜೂನ್. ಯುರೇಕಾದ ಕಾಳಗ ನಡೆದಾಗ ಮುತ್ತಜ್ಜ ಇನ್ನೂ ಐರ್ಲೆಂಡಿನಲ್ಲಿದ್ದ.

ಹಲಗೆಯ ರಾಶಿಯ ಕೆಳಗೆ ಅಡಗಿದ ಕಥೆ ಎಲ್ಲಿಂದ ಬಂತೆಂದು ಆಗ ಹೊಳೆಯಿತು. ಅದು ಪೀಟರ್ ಲೇಲರ್‌ನದೇ ಕಥೆ. ಗಾಯಗೊಂಡ ಅವನನ್ನು ಸಂಗಡಿಗರು ಗಣಿಯ ಬಾವಿಯ ಗೋಡೆಗೆ ಹಾಕಲು ಸೀಳಿಟ್ಟಿದ್ದ ಹಲಗೆಗಳ ಕೆಳಗೆ ಮುಚ್ಚಿಟ್ಟು ಉಳಿಸಿದ್ದರು. ಊರಿಗೆ ಊರೇ ಹೇಳಿಕೊಳ್ಳುವ ಕಥೆ ಒಂದು ಮನೆಯೊಳಗೆ ಹೊಕ್ಕು ಅಲ್ಲಿಯ ಹಿರಿಯನ ಮೈಮೇಲೆ ಕೂತುಬಿಟ್ಟಿತ್ತು. ನಮ್ಮಲ್ಲಿಯೂ ಹೀಗಾಗುತ್ತದೆ. ಟಿಪ್ಪುವಿನ ಕಡೆ ಕಾದಾಡಿದ ಪೂರ್ವಜನೊಬ್ಬ ಇಲ್ಲದ ಮನೆ ಕೋಲಾರದ ಕಡೆ ಎಷ್ಟಿದೆ ಹೇಳಿ.

ಅತ್ತೆಗೆ ಹೇಳಲಿಲ್ಲ. ಫೋನು ಮಾಡಿದಾಗಲೆಲ್ಲ "ಇನ್ನೂ ಹುಡುಕುತ್ತಿದ್ದೇನೆ" ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಯುರೇಕಾದಲ್ಲಿ ಇರದಿದ್ದರೆ ಇಪ್ಪತ್ತೈದರ ತನಕ ಇವನು ಎಲ್ಲಿದ್ದ, ಹೇಗೆ ಉಳಿದ ಎಂದು ತಿಳಿಯುವ ಹಟ ಬಂದಿತ್ತು.

ಐರ್ಲೆಂಡಿನಲ್ಲಿ ಹುಡುಕುವವರಿಗೆ ಎದುರಾಗುವ ಮೊದಲ ಗೋಡೆ 1922ರದು. ಆ ವರ್ಷ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್‌ನ ದಾಖಲೆ ಭಂಡಾರ ಸ್ಫೋಟಕ್ಕೆ ಸಿಕ್ಕಿ ಉರಿದುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹೆಚ್ಚುಕಡಿಮೆ ಎಲ್ಲ ಹಾಳೆಗಳೂ ಬೂದಿಯಾದವು. ಉಳಿದದ್ದು ಚರ್ಚಿನ ಪುಸ್ತಕಗಳು ಮತ್ತು ತೆರಿಗೆಗಾಗಿ ಮನೆ-ಹೊಲಗಳನ್ನು ಅಳೆದು 1847ರಿಂದ 1864ರವರೆಗೆ ಅಚ್ಚಾದ ಗ್ರಿಫಿತ್ ಮೌಲ್ಯಮಾಪನ. ಚರ್ಚಿನ ಪುಸ್ತಕಗಳಲ್ಲಿ ಎಷ್ಟೋ ಕಡೆ ಹೆಸರುಗಳು ಲ್ಯಾಟಿನ್‌ನಲ್ಲಿವೆ. ಮನೆಯಲ್ಲಿ ಬ್ರಿಜೆಟ್ ಆದವಳು ಅಲ್ಲಿ ಬ್ರಿಗಿಡಾ, ಜಾನ್ ಆದವನು ಯೋಹಾನ್ನೆಸ್. ಊರಿನ ಹೆಸರಿನದು ಇನ್ನೊಂದು ಗೋಳು. ಐರ್ಲೆಂಡಿನಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಚಿಕ್ಕ ಚಿಕ್ಕ ಊರ ಹೆಸರುಗಳಿವೆ. ಐರಿಷ್ ಮಾತಾಡುವ ಬಾಯಿಂದ ಬಂದದ್ದನ್ನು ಇಂಗ್ಲಿಷ್ ಕಿವಿಯ ಗುಮಾಸ್ತ ತನಗೆ ಕೇಳಿಸಿದಂತೆ ಬರೆದುಕೊಂಡಿದ್ದಾನೆ. ಮಡಿಕೇರಿ ಮರ್ಕೆರಾ ಆದದ್ದು, ಚಿತ್ರದುರ್ಗ ಚಿತಲ್‌ಡ್ರೂಗ್ ಆದದ್ದು ಗೊತ್ತಿರುವ ನಮಗೆ ಇದನ್ನು ಬಿಡಿಸಲು ತಾಳ್ಮೆ ಸಾಕು. ಪ್ರಮಾಣಪತ್ರದಲ್ಲಿದ್ದ ಊರಿನ ಹೆಸರನ್ನು ನಾನು ಗಟ್ಟಿಯಾಗಿ, ಬೇರೆ ಬೇರೆ ರೀತಿಯಲ್ಲಿ ಉಚ್ಚರಿಸುತ್ತಾ ಅಡುಗೆಮನೆಯಲ್ಲಿ ಓಡಾಡಿದೆ. ಒಂದು ದಿನ ನಕ್ಷೆಯ ಮೇಲಿನ ಹೆಸರೊಂದು ಆ ಧ್ವನಿಗೆ ಸರಿಯಾಗಿ ಕೂತಿತು. ಕ್ಲೇರ್‌ನ ಪಶ್ಚಿಮಕ್ಕೆ, ಕಿಲ್‌ರಷ್ ಪಟ್ಟಣದ ಸೀಮೆ.

ಕಿಲ್‌ರಷ್ ಎಂಬ ಹೆಸರನ್ನು ಕ್ಷಾಮದ ಬಗ್ಗೆ ಓದಿದವರು ಮರೆಯುವುದಿಲ್ಲ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ತಗುಲಿತು. ಬೆಳೆ ಒಂದಲ್ಲ, ಹಲವು ವರ್ಷ ಕೊಳೆಯಿತು. ಐರ್ಲೆಂಡಿನ ಬಡವರಿಗೆ ಆಲೂಗಡ್ಡೆ ನಮ್ಮ ಕೋಲಾರದವರಿಗೆ ರಾಗಿ ಇದ್ದಂತೆ. ಅದು ಹೋದರೆ ತಟ್ಟೆಯಲ್ಲಿ ಉಳಿಯುವುದು ಏನೂ ಇಲ್ಲ. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಅಥವಾ ಇನ್ನೂ ಹೆಚ್ಚು ಜನ ದೇಶ ಬಿಟ್ಟರು. ಅದೇ ಹೊತ್ತಿಗೆ ಧಾನ್ಯ, ದನ, ಬೆಣ್ಣೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ನನ್ನನ್ನು ತಡೆದು ನಿಲ್ಲಿಸಿದ್ದು 1847ರ ಒಂದು ಕಾನೂನು. ಕಾಲು ಎಕರೆಗಿಂತ ಹೆಚ್ಚು ನೆಲ ಉಳುತ್ತಿರುವವನಿಗೆ ಪರಿಹಾರದ ಗಂಜಿ ಇಲ್ಲ. ಕಾಲು ಎಕರೆ ಎಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಹತ್ತು ಗುಂಟೆಗಿಂತ ಹೆಚ್ಚಿರುವ ನೆಲವನ್ನು ಬಿಟ್ಟುಕೊಟ್ಟರೆ ಗಂಜಿ. ಬಿಟ್ಟುಕೊಟ್ಟವನು ಮುಂದಿನ ವರ್ಷ ಬಿತ್ತುವುದೆಲ್ಲಿ? ಚಿಕ್ಕ ಹಿಡುವಳಿಗಳ ತೆರಿಗೆ ಜಮೀನ್ದಾರನ ತಲೆಗೆ ಬರುತ್ತಿದ್ದುದರಿಂದ ಅವನಿಗೂ ಒಕ್ಕಲನ್ನು ಎಬ್ಬಿಸುವ ಆತುರ. ಕಿಲ್‌ರಷ್ ಸೀಮೆಯಲ್ಲಿ ಸಾವಿರಾರು ಮನೆಗಳ ಮಾಡು ಕಿತ್ತು, ಗೋಡೆ ಕೆಡವಿದರು. ಅಲ್ಲಿ ಬಡವರ ಪರಿಹಾರದ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಕೆನಡಿ ಇದನ್ನೆಲ್ಲ ವರದಿ ಮಾಡುತ್ತಾ ಹೋದದ್ದು ಸರ್ಕಾರಿ ಕಾಗದಗಳಲ್ಲಿ ಉಳಿದಿದೆ. ಗ್ರಿಫಿತ್ ಪುಸ್ತಕದಲ್ಲಿ ನಾನು ಮುತ್ತಜ್ಜನ ಊರನ್ನು ತೆರೆದಾಗ ಆ ಹೆಸರಿನ ಕೆಳಗೆ ಅವರ ಮನೆತನದವರು ಯಾರೂ ಇರಲಿಲ್ಲ. ಕುರಿ ದನ ಕಾಯುವವನ ಮನೆ ಒಂದು, ಉಳಿದದ್ದು ಹುಲ್ಲುಗಾವಲು.

ಆ ಪುಟ ನೋಡಿದ ಮೇಲೆ ಅವನು ಯುರೇಕಾದಲ್ಲಿ ಇದ್ದನೋ ಇಲ್ಲವೋ ಎಂಬುದು ನನಗೆ ಚಿಕ್ಕ ವಿಷಯವಾಯಿತು. ಹದಿನೈದರಿಂದ ಇಪ್ಪತ್ತೈದರವರೆಗೆ ಆ ನೆಲದಲ್ಲಿ ಜೀವ ಉಳಿಸಿಕೊಂಡದ್ದೇ ದೊಡ್ಡದು.

ಅವನು ಬಂದಿಳಿದ ವಿಕ್ಟೋರಿಯಾ ಬೇರೆಯೇ ಲೋಕ. 1851ರಲ್ಲಿ ಕ್ಲೂನ್ಸ್, ಬುನಿನ್‌ಯಾಂಗ್, ಬ್ಯಾಲರಾಟ್ ಎಂದು ಒಂದರ ಹಿಂದೆ ಒಂದು ಕಡೆ ಚಿನ್ನ ಸಿಕ್ಕ ಮೇಲೆ, ಎಪ್ಪತ್ತೇಳು ಸಾವಿರವಿದ್ದ ಜನಸಂಖ್ಯೆ ಹತ್ತು ವರ್ಷದಲ್ಲಿ ಐದು ಲಕ್ಷ ನಲವತ್ತು ಸಾವಿರದ ಹತ್ತಿರ ಹೋಯಿತು. ಮೊದಲ ದಿನಗಳಲ್ಲಿ ಚಿನ್ನ ಹುಲ್ಲಿನ ಬುಡದಲ್ಲೇ ಸಿಗುತ್ತಿತ್ತು. ಅಕ್ಕಿ ಜಾಲಿಸಿ ಕಲ್ಲು ತೆಗೆಯುವ ಹಾಗೆ, ಅಗಲ ತಟ್ಟೆಯಲ್ಲಿ ಮಣ್ಣನ್ನು ನೀರಿನೊಂದಿಗೆ ತಿರುಗಿಸಿ ತಿರುಗಿಸಿ ಹೊರಚೆಲ್ಲಿದರೆ ಭಾರದ ಚಿನ್ನ ತಳದಲ್ಲಿ ನಿಲ್ಲುತ್ತದೆ. ಗದಗ ಕಡೆಯ ಹಳ್ಳಗಳಲ್ಲಿ ಜಾಲಗಾರರು ಮಾಡುತ್ತಿದ್ದದ್ದೂ ಇದೇ ಕೆಲಸ. ಹೆಚ್ಚು ಮಣ್ಣಿದ್ದರೆ ತೂಗುವ ಪೆಟ್ಟಿಗೆ. ಅದನ್ನು ಅವರು ತೊಟ್ಟಿಲು ಎಂದೇ ಕರೆಯುತ್ತಿದ್ದರು.

ಆದರೆ ಯುರೇಕಾದ ಚಿನ್ನ ಹಾಗೆ ಮೇಲೆ ಇರಲಿಲ್ಲ. ಹೂತುಹೋದ ಪ್ರಾಚೀನ ನದಿಯ ಪಾತ್ರದಲ್ಲಿ, ನೂರು ಅಡಿಗೂ ಆಳದಲ್ಲಿ ಇತ್ತು. ಒಬ್ಬನಿಗೆ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಜಾಗ, ನಮ್ಮ ಹಳೆಯ ಮನೆಗಳ ಒಂದು ಕೋಣೆಯಷ್ಟು. ನಾಲ್ಕೈದು ಜನ ಕೂಡಿ ಬಾವಿ ತೋಡುವುದು, ಮಣ್ಣು ಕುಸಿಯದಂತೆ ಸುತ್ತಲೂ ಮರದ ಹಲಗೆ ಹೊಡೆಯುವುದು, ರಾಟೆಗೆ ಹಗ್ಗ ಸುತ್ತಿ ಬಕೆಟ್ಟಿನಲ್ಲಿ ಕೆಸರು ಎಳೆಯುವುದು, ರಾತ್ರಿಯಿಡೀ ನೀರು ಹೊರಹಾಕುವುದು, ಹಡಗಿನ ಹಾಯಿಯಂಥ ಬಟ್ಟೆಯ ಕೊಳವೆ ಕಟ್ಟಿ ಕೆಳಗಿನವನಿಗೆ ಗಾಳಿ ಬಿಡುವುದು. ತಳ ಮುಟ್ಟಲು ಆರು ತಿಂಗಳು ಹಿಡಿಯುತ್ತಿತ್ತು. ಆರು ತಿಂಗಳ ಮೇಲೆ ತಳದಲ್ಲಿ ಚಿನ್ನವಿಲ್ಲ, ನದಿ ಪಕ್ಕದವನ ಬಾವಿಯ ಕೆಳಗೆ ತಿರುಗಿಕೊಂಡಿದೆ ಎಂದು ಗೊತ್ತಾಗಬಹುದು. ಅಷ್ಟೂ ದಿನ ಒಂದು ಗುಂಜಿ ಚಿನ್ನ ಕಾಣದಿದ್ದರೂ ಪರವಾನಗಿಯ ಹಣ ಕಟ್ಟಲೇಬೇಕು. ಮೊದಲು ತಿಂಗಳಿಗೆ 30 ಶಿಲಿಂಗ್, ಆಮೇಲೆ ಒಂದು ಪೌಂಡ್. 1854ರಲ್ಲಿ ಗವರ್ನರ್ ಹೊಥಮ್ ವಾರಕ್ಕೆ ಎರಡು ಬಾರಿ ಪರವಾನಗಿ ತಪಾಸಣೆ ನಡೆಸಬೇಕೆಂದು ಆಜ್ಞೆ ಮಾಡಿದ. ಪೊಲೀಸರು ಕುದುರೆಯ ಮೇಲೆ ಬಂದಾಗ ಬಾವಿಯ ತಳದಲ್ಲಿ ಸೊಂಟದವರೆಗೆ ನೀರಲ್ಲಿ ನಿಂತವನು ಮೇಲೆ ಹತ್ತಿ ಬಂದು ಕಾಗದ ತೋರಿಸಬೇಕು. ಗುಡಾರದಲ್ಲಿ ಬಿಟ್ಟು ಬಂದಿದ್ದರೆ ದಂಡ. ಕಟ್ಟಲಾಗದವನನ್ನು ಮರದ ದಿಮ್ಮಿಗೆ ಸರಪಳಿ ಹಾಕಿ ಕೂರಿಸುತ್ತಿದ್ದರು. ಯುರೇಕಾದ ಸಿಟ್ಟು ಮೇಲಿಂದ ಬಿದ್ದದ್ದಲ್ಲ, ಆ ನೂರು ಅಡಿಯ ಕೆಳಗಿಂದ ಬಂದದ್ದು. ನವೆಂಬರ್ 29ರಂದು ಬೇಕರಿ ಹಿಲ್‌ನಲ್ಲಿ ಪರವಾನಗಿಗಳನ್ನು ಸುಟ್ಟರು. ಮರುದಿನ ನೀಲಿ ಬಾವುಟದ ಕೆಳಗೆ ಮಂಡಿಯೂರಿ ಒಬ್ಬರಿಗೊಬ್ಬರು ನಿಲ್ಲುವ ಆಣೆ ಮಾಡಿದರು.

ಈ ಜಗಳವೆಲ್ಲ ನಡೆದ ನೆಲ ವಾದವುರಂಗ್ ಜನರದು. ಬ್ಯಾಲರಾಟ್ ಎಂಬ ಹೆಸರೇ ಅವರ ಮಾತು. ಬೀಡು ಬಿಟ್ಟು ಒರಗುವ ಜಾಗ ಎಂದು ಅರ್ಥ. ಗಣಿಗಾರರಿಗೆ ಅವರು ಪಾಸಮ್ ಚರ್ಮದ ಹೊದಿಕೆ ಮಾರುತ್ತಿದ್ದರು. ಹನ್ನೆರಡು ಅಡಿ ಜಾಗಕ್ಕೆ ಪರವಾನಗಿ ಕೊಟ್ಟ ಸರ್ಕಾರ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಮಾಡು ಕಿತ್ತುಹೋದ ಕ್ಲೇರ್‌ನ ಒಕ್ಕಲಿನವನು ಇಲ್ಲಿ ಬಂದು ಇನ್ನೊಬ್ಬರ ನೆಲವನ್ನು ಬಗೆದ. ಅವನ ಕಥೆ ಬರೆಯಲು ಕೂತವಳು ಈ ಸಾಲನ್ನು ಬಿಡುವಂತಿಲ್ಲ.

ಕಾಳಗದ ಮೇಲೆ ರಾಜದ್ರೋಹದ ಆರೋಪ ಹೊತ್ತ ಹದಿಮೂರು ಜನರನ್ನೂ ಮೆಲ್ಬರ್ನಿನ ಜ್ಯೂರಿಗಳು ಬಿಟ್ಟುಬಿಟ್ಟರು. 1855ರಲ್ಲಿ ಪರವಾನಗಿ ರದ್ದಾಯಿತು. ಅದರ ಜಾಗದಲ್ಲಿ ವರ್ಷಕ್ಕೆ ಒಂದು ಪೌಂಡಿನ ಗಣಿಗಾರರ ಹಕ್ಕುಪತ್ರ ಬಂತು, ಅದರೊಂದಿಗೆ ಮತದ ಹಕ್ಕೂ. ಮುತ್ತಜ್ಜ ಬಂದಿಳಿದದ್ದು ಸರಿಯಾಗಿ ಆ ದಿನಗಳಲ್ಲಿ.

ಇಷ್ಟಕ್ಕೆ ನಿಲ್ಲಿಸಿ ಬರೆಯಲು ಕೂತಿದ್ದೆ. ವಿವಾಹ ಪ್ರಮಾಣಪತ್ರವೊಂದು ಬಾಕಿ ಇತ್ತು, ಕ್ರಮಕ್ಕಾಗಿ ತರಿಸಿದೆ. 1857, ಬ್ಯಾಲರಾಟ್‌ನ ಸೇಂಟ್ ಅಲಿಪಿಯಸ್ ಚರ್ಚು. ವರ: ಗಣಿಗಾರ, ಅವಿವಾಹಿತ. ವಧು: ವಯಸ್ಸು 25, ವಿಧವೆ, ಒಂದು ಮಗು. ಇಬ್ಬರ ಹೆಸರಿನ ನಡುವೆಯೂ ಸಹಿ ಹಾಕಲು ಬಾರದವರು ಹಾಕುವ ಗುಣಾಕಾರದ ಗುರುತು.

ವಿಧವೆ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಇಷ್ಟು ದಿನ ಈ ಹೆಂಗಸು ನನ್ನ ಹುಡುಕಾಟದಲ್ಲಿ ಅವನ ಗುರುತು ಹಿಡಿಯಲು ಬೇಕಾದ ಹೆಸರು ಮಾತ್ರ ಆಗಿದ್ದಳು. ಹೆಣ್ಣಾಗಿ ನಾನೂ ಹಾಗೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಮರುದಿನದಿಂದ ಅವಳನ್ನು ಹುಡುಕಿದೆ.

ಅವಳು ಬಂದದ್ದು ಅವನಿಗಿಂತ ಆರು ವರ್ಷ ಮೊದಲು, 1849ರಲ್ಲಿ, ಹದಿನೇಳರ ಹುಡುಗಿ. ಕ್ಷಾಮದಲ್ಲಿ ತಂದೆ ತಾಯಿ ಸತ್ತು ಗತಿಯಿಲ್ಲದ ಬಡವರನ್ನು ಇರಿಸುತ್ತಿದ್ದ ವರ್ಕ್‌ಹೌಸ್‌ಗಳಲ್ಲಿ ತುಂಬಿಹೋಗಿದ್ದ ಹೆಣ್ಣುಮಕ್ಕಳನ್ನು, ವಸಾಹತುಗಳ ಕಾರ್ಯದರ್ಶಿ ಅರ್ಲ್ ಗ್ರೇಯ ಯೋಜನೆಯಂತೆ, 1848ರಿಂದ 1850ರವರೆಗೆ ಆಸ್ಟ್ರೇಲಿಯಾಕ್ಕೆ ಕಳಿಸಿದರು. ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಹುಡುಗಿಯರು. ಒಬ್ಬೊಬ್ಬಳಿಗೂ ಒಂದು ಮರದ ಪೆಟ್ಟಿಗೆ. ಅದರಲ್ಲಿ ಏನಿರಬೇಕೆಂದು ನಿಯಮವಿತ್ತು: ಆರು ಒಳಂಗಿ, ಎರಡು ಫ್ಲಾನೆಲ್ ಲಂಗ, ಆರು ಜೊತೆ ಕಾಲುಚೀಲ, ಎರಡು ಜೊತೆ ಬೂಟು, ಎರಡು ಗೌನು. ನನ್ನ ಅಮ್ಮನಿಗೆ ಫೋನಿನಲ್ಲಿ ಈ ಪಟ್ಟಿ ಓದಿ ಹೇಳಿದೆ. "ಅಯ್ಯೋ, ಮದುವೆಯ ಪೆಟ್ಟಿಗೆ ಕಟ್ಟಿದ ಹಾಗೆ ಕಟ್ಟಿ ಕಳಿಸಿದ್ದಾರಲ್ಲಮ್ಮ. ಕಳಿಸಿಕೊಡಲು ಹಡಗಿನ ಹತ್ತಿರ ಯಾರು ಬಂದಿದ್ದರಂತೆ?" ಎಂದರು. ಯಾರೂ ಇಲ್ಲ ಅಮ್ಮ ಎಂದೆ.

ಹಡಗಿನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ: ಓದಲು ಬರೆಯಲು ಬಾರದು. ಮೆಲ್ಬರ್ನಿನಲ್ಲಿ ಒಂದು ಮನೆಗೆ ಕೆಲಸಕ್ಕೆ ಇಟ್ಟರು. ಈ ಹುಡುಗಿಯರನ್ನು ಊರಿನ ದೊಡ್ಡ ಪತ್ರಿಕೆ ಆರ್ಗಸ್ ಕೆಲಸಕ್ಕೆ ಬಾರದವರೆಂದು ಹೀಗಳೆದು ಬರೆಯಿತು. ಇಂಗ್ಲಿಷ್ ಮನೆಯ ಅಡುಗೆಯನ್ನು ಅವರು ಎಲ್ಲಿ ನೋಡಿದ್ದರು? ಎರಡು ವರ್ಷದಲ್ಲಿ ಚಿನ್ನ ಸಿಕ್ಕಿ, ಮೆಲ್ಬರ್ನಿನ ಗಂಡಸರೆಲ್ಲ ಗುದ್ದಲಿ ಹೊತ್ತು ಹೊರಟಾಗ ಅವರಲ್ಲಿ ಎಷ್ಟೋ ಜನ ಗಂಡಂದಿರೊಂದಿಗೆ ಗುಡಾರಗಳಿಗೆ ನಡೆದರು. ಇವಳು ಐರ್ಲೆಂಡಿನ ಟಿಪ್ಪರರಿಯ ಒಬ್ಬ ಗಣಿಗಾರನನ್ನು ಮದುವೆಯಾಗಿ ಬ್ಯಾಲರಾಟ್‌ಗೆ ಹೋದಳು.

ಮೊದಲ ಮಗುವಿನ ಜನನ ನೋಂದಣಿ ನನ್ನ ಮುಂದೆ ಬಂದ ಸಂಜೆಯನ್ನು ನಾನು ಮರೆಯುವುದಿಲ್ಲ. ಹೆಣ್ಣುಮಗು. ಹುಟ್ಟಿದ ತಿಂಗಳು ನವೆಂಬರ್ 1854. ಹುಟ್ಟಿದ ಸ್ಥಳದ ಕಲಮಿನಲ್ಲಿ ಗುಮಾಸ್ತನ ಬಾಗಿದ ಕೈಬರಹದಲ್ಲಿ ಒಂದೇ ಪದ: ಯುರೇಕಾ.

ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ. ಡಿಸೆಂಬರ್ 3ರ ಬೆಳಗಿನ ಜಾವ ಆ ಮಗುವಿಗೆ ಮೂರು ವಾರವೂ ತುಂಬಿರಲಿಲ್ಲ. ಬಾಣಂತಿ ಗುಡಾರದಲ್ಲಿ. ಒಡ್ಡಿನ ಒಳಗೂ ಸುತ್ತಲೂ ಇದ್ದದ್ದು ಹೋರಾಟಗಾರರ ಗುಡಾರಗಳು ಮಾತ್ರವಲ್ಲ, ಸಂಸಾರಗಳಿದ್ದ ಗುಡಾರಗಳೂ ಹೌದು. ಕಾಳಗ ಮುಗಿದ ಮೇಲೆ ಪೊಲೀಸರು ಗುಡಾರಗಳಿಗೆ ಬೆಂಕಿಯಿಟ್ಟರು. ಆ ಮಗುವಿಗೆ ಸ್ನಾನದೀಕ್ಷೆ ಕೊಟ್ಟವರು ಫಾದರ್ ಸ್ಮಿತ್. ಆ ಬೆಳಿಗ್ಗೆ ಸಾಯುತ್ತಿದ್ದವರ ಬಳಿಗೆ ಕೊನೆಯ ಪ್ರಾರ್ಥನೆಗೆಂದು ಹೋದವರೂ ಅವರೇ.

ಹಾಗಾದರೆ ಯುರೇಕಾದಲ್ಲಿ ಇದ್ದವಳು ಇವಳು. ಮುತ್ತಜ್ಜಿ.

ಎರಡು ವರ್ಷದ ಆಮೇಲಿನ ಕಾಗದ ಒಂದು ಮರಣ ವಿಚಾರಣೆಯದು. 1856, ರಾಟೆಯ ಹಗ್ಗ ಹರಿದು ತುಂಬಿದ ಬಕೆಟ್ಟು ಬಾವಿಯ ತಳದಲ್ಲಿದ್ದವನ ಮೇಲೆ ಬಿತ್ತು. ಸಂಗಡಿಗರಿಬ್ಬರ ಹೇಳಿಕೆ, ವೈದ್ಯನ ಹೇಳಿಕೆ, ಕೊನೆಗೆ ಹೆಂಡತಿಯದು, ನಾಲ್ಕೇ ಸಾಲು. ದೇಹವನ್ನು ನೋಡಿದ್ದೇನೆ, ಅದು ನನ್ನ ಗಂಡನದು ಎಂಬಷ್ಟೇ ಅದರ ಸಾರ. ಕೆಳಗೆ ಅವಳ ಗುರುತು. ವಿವಾಹ ಪ್ರಮಾಣಪತ್ರದಲ್ಲಿ ಇದ್ದದ್ದು ಗುಮಾಸ್ತನ ನಕಲು. ಇಲ್ಲಿರುವುದು ಅವಳದೇ ಕೈ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಮೊದಲ ಗೆರೆ ತೆಳ್ಳಗೆ, ನಡುಗಿಕೊಂಡು ಇಳಿದಿದೆ. ಎರಡನೆಯದು ಮೊದಲನೆಯದನ್ನು ದಾಟುವಲ್ಲಿ ಲೇಖನಿಯನ್ನು ಒತ್ತಿದ್ದಾಳೆ, ಶಾಯಿ ಒಡೆದು ಒಂದು ಚುಕ್ಕೆ ಹರಡಿದೆ. ಬರೆಯಲು ಬಾರದವರ ಕೈಗೆ ಲೇಖನಿ ಕೊಟ್ಟಾಗ ಅವರು ಅದನ್ನು ಒತ್ತಿ ಹಿಡಿಯುತ್ತಾರೆ. ನಮ್ಮ ತಾತನೂ ಪಿಂಚಣಿ ಪುಸ್ತಕದಲ್ಲಿ ಹೆಬ್ಬೆಟ್ಟನ್ನು ಹಾಗೆಯೇ ಒತ್ತುತ್ತಿದ್ದರು. ಗೆರೆಗಳೆಲ್ಲ ಕಲಸಿಹೋಗಿ ನೇರಳೆ ಬಣ್ಣದ ಒಂದು ಮುದ್ದೆ ಮಾತ್ರ ಉಳಿಯುತ್ತಿತ್ತು. ತೊಳೆದರೂ ಹೋಗದ ಆ ಬೆರಳಿನಿಂದಲೇ ನನಗೆ ಕಡಲೆಮಿಠಾಯಿ ಮುರಿದು ಕೊಡುತ್ತಿದ್ದರು. 1930ರಲ್ಲಿ ಕೆಜಿಎಫ್ ಕಾರ್ಮಿಕರು ಬೆರಳಚ್ಚಿನ ನೋಂದಣಿಯ ವಿರುದ್ಧ ಮುಷ್ಕರ ಹೂಡಿದ್ದನ್ನು ನಾನು ಓದಿದ್ದು ಬಹಳ ತಡವಾಗಿ. ಓದಿದಾಗ ಬ್ಯಾಲರಾಟ್‌ನಲ್ಲಿ ಸುಟ್ಟ ಪರವಾನಗಿಗಳೇ ಕಣ್ಣಮುಂದೆ ಬಂದವು.

ಮುತ್ತಜ್ಜನೊಂದಿಗಿನ ಅವಳ ಬದುಕಿನ ಉಳಿದ ಭಾಗವನ್ನು ಬೇಗ ಹೇಳಿಬಿಡಬಹುದು, ಕಾಗದಗಳೂ ಬೇಗ ಹೇಳಿಬಿಡುತ್ತವೆ. ಮಕ್ಕಳು ಹುಟ್ಟಿದವು, ಮೂರು ಸತ್ತವು. 1858ರಲ್ಲಿ ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಬೇಕರಿ ಹಿಲ್‌ನ ನೂರೆಂಬತ್ತು ಅಡಿ ಆಳದಲ್ಲಿ, ಸುಮಾರು 69 ಕಿಲೋ ತೂಕದ ಚಿನ್ನದ ಗಟ್ಟಿ ಕೆಲವು ಕಾರ್ನಿಷ್ ಗಣಿಗಾರರಿಗೆ ಸಿಕ್ಕಿತು; ಇವರಿಗೆ ಅಂಥದ್ದೇನೂ ಸಿಗಲಿಲ್ಲ. 1864ರಿಂದ 1867ರವರೆಗೆ ಮಕ್ಕಳ ಪಟ್ಟಿಯಲ್ಲಿ ಬಿಡುವು. ಆ ಬಿಡುವಿಗೆ ಉತ್ತರ ಸಿಕ್ಕಿದ್ದು ಹಳೆಯ ಪತ್ರಿಕೆಗಳ ಜಾಲತಾಣ ಟ್ರೋವ್‌ನಲ್ಲಿ: ಕಾಣೆಯಾದವರ ಅಂಕಣದಲ್ಲಿ ಎರಡು ಸಾಲಿನ ಜಾಹೀರಾತು. ನ್ಯೂಜಿಲೆಂಡಿನ ಹೊಕಿಟಿಕಾಕ್ಕೆ ಹೋದ ಇಂಥವನು ಬ್ಯಾಲರಾಟ್‌ನಲ್ಲಿರುವ ಹೆಂಡತಿಗೆ ಪತ್ರ ಬರೆಯಬೇಕು ಎಂದು. ಬರೆಯಲು ಬಾರದವಳು ಯಾರಿಂದಲೋ ಬರೆಸಿ, ದುಡ್ಡು ಕೊಟ್ಟು ಹಾಕಿಸಿದ್ದಾಳೆ. ಅವನು ಬಂದ. 1868ರಲ್ಲಿ ಅತ್ತೆಯ ಅಜ್ಜಿ ಹುಟ್ಟಿದಳು.

ಆ ಕಾಲದ ನ್ಯೂಜಿಲೆಂಡ್ ನನ್ನ ಊರಿಗೂ ತಾಗಿದೆ. ಮಾವೋರಿ ಯುದ್ಧದಲ್ಲಿ ಸಿಪಾಯಿಯಾಗಿದ್ದ ಐರಿಷ್ ಮನುಷ್ಯ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ ಅಲ್ಲಿ ಚಿನ್ನದ ಗೀಳು ಹಚ್ಚಿಕೊಂಡು ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದ. ಎತ್ತಿನ ಗಾಡಿಯಲ್ಲಿ ಕೋಲಾರದ ಬಯಲು ಸುತ್ತಿ, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಊರಿಗಾಂ ಬಳಿ ಬಾವಿ ತೋಡಿಸಿದ. ದುಡ್ಡು ಮುಗಿದು ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಅವನ ಹೆಸರಿನದೇ. ನಮ್ಮ ತಾತ ಇಳಿದ ಗಣಿಯ ಬಾಗಿಲು ತೆರೆದವನೂ ಒಬ್ಬ ಐರಿಷನೇ ಎಂದು ಅತ್ತೆಗೆ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡರು.

ಉಳಿದದ್ದನ್ನು ಹೇಳಲು ನಾನು ಬ್ಯಾಲರಾಟ್‌ಗೇ ಹೋದೆ. ಯುರೇಕಾ ಕೇಂದ್ರದಲ್ಲಿ ಆ ಬಾವುಟವನ್ನು ಮಂದ ಬೆಳಕಿನಲ್ಲಿ ಇಟ್ಟಿದ್ದಾರೆ. ಕಿತ್ತುಕೊಂಡು ಹೋದ ಪೊಲೀಸನ ಮನೆಯಲ್ಲಿ ದಶಕಗಳ ಕಾಲ ಇತ್ತು. ನೆನಪಿಗೆಂದು ಜನ ಚೂರು ಚೂರು ಕತ್ತರಿಸಿಕೊಂಡದ್ದರಿಂದ ಒಂದು ಬದಿ ಇಲ್ಲವೇ ಇಲ್ಲ. ನೀಲಿ ಉಣ್ಣೆಯ ಬಟ್ಟೆ, ಬಿಳಿ ಶಿಲುಬೆ, ನಕ್ಷತ್ರಗಳು, ಹತ್ತಿರ ಹೋದರೆ ಕೈಹೊಲಿಗೆ. ಅದರ ಮುಂದಿನ ಬೆಂಚಿನ ಮೇಲೆ ಅತ್ತೆಯನ್ನು ಕೂರಿಸಿ, ಮೊದಲು 34 ವರ್ಷದ ಕಾಗದ ಕೊಟ್ಟೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಮುಖ ಬಾಡಿತು. ಏನೂ ಹೇಳಲಿಲ್ಲ. ಆಮೇಲೆ ಮಗುವಿನ ಜನನದ ಕಾಗದ ಕೊಟ್ಟೆ.

ಬಹಳ ಹೊತ್ತಿನ ಮೇಲೆ ಅವರು, "ನಮ್ಮ ಅಜ್ಜಿ ಸಾಯುವಾಗ ನನಗೆ ಒಂಬತ್ತು ವರ್ಷ. ಅವಳು ಯಾವತ್ತೂ ಅಪ್ಪ ಯುರೇಕಾದಲ್ಲಿದ್ದ ಅನ್ನುತ್ತಿರಲಿಲ್ಲ. ಯುರೇಕಾದಲ್ಲಿ ನಮ್ಮವರಿದ್ದರು ಅನ್ನುತ್ತಿದ್ದಳು. ಅಪ್ಪ ಅಂತ ಮಾಡಿದ್ದು ನಾವು" ಎಂದರು.

ಅಲ್ಲಿಂದ ಸ್ಮಶಾನಕ್ಕೆ ಹೋದೆವು. ಕ್ಯಾಥೋಲಿಕರ ಭಾಗದಲ್ಲಿ, ಸಾಲಿನ ಸಂಖ್ಯೆ ಹಿಡಿದು ಹುಡುಕಿದರೆ, ಎರಡು ಹೆಸರುಳ್ಳ ಕಲ್ಲುಗಳ ನಡುವೆ ಬರಿಯ ಹುಲ್ಲು. ಅವನು 1889ರಿಂದ, ಅವಳು 1903ರಿಂದ ಅಲ್ಲಿದ್ದಾರೆ. ಕಲ್ಲು ಹಾಕಿಸಬೇಕೆಂದು ಅತ್ತೆ ಅಲ್ಲೇ ನಿರ್ಧರಿಸಿದರು. ಕಾರಿನಲ್ಲಿ ಕೂತು, ಕೆತ್ತುವವನಿಗೆ ಕೊಡಲು ನಾನು ಚೀಟಿ ಬರೆಯತೊಡಗಿದೆ. ಅವನ ಹೆಸರು, ಕ್ಲೇರ್, 1830 ಎಂದು ಶುರುಮಾಡಿದ್ದೆ. ಅತ್ತೆ ಪೆನ್ಸಿಲನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದರು. ಮೇಲೆ ಉಳಿದಿದ್ದ ಅಂಚಿನಲ್ಲಿ ಅವಳ ಹೆಸರು ಬರೆದು, ಅದರ ಮುಂದೆ 'ಯುರೇಕಾ, 1854' ಎಂದು ಬರೆದು, ಅದರ ಕೆಳಗೆ ಅವನದನ್ನು ಬರೆಯಲು ಚೀಟಿಯನ್ನು ನನಗೆ ವಾಪಸು ಕೊಟ್ಟರು.